ಗುರ್ ಅನ್ನಲು ಕಲಿಸುವ ಬೆನ್ನಕ್ಕ

ಬೆಳಗಿನ ಐದೂವರೆ. ನಾಯಿಗಳ ಆಶ್ರಯಧಾಮದ ಹಿಂದಿನ ಸಾಲಿನ ಗೂಡೊಂದರಲ್ಲಿ ಒಬ್ಬ ಹೆಂಗಸು ನಾಯಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದಾರೆ. ನಾಯಿಯ ಹೆಸರು ಕೆಂಚ. ಮೂಲೆಯಲ್ಲಿ, ತನ್ನ ಊಟದ ತಟ್ಟೆಯ ಹಿಂದೆ ಮುದುಡಿಕೊಂಡಿದೆ. ಅರ್ಧ ಗಂಟೆಯಿಂದ ಮಾತಿಲ್ಲ, ಕತೆಯಿಲ್ಲ. ಆಗಾಗ ಆಕೆ ತಿರುಗಿ ನೋಡದೆ ಹೆಗಲ ಮೇಲಿಂದ ಒಂದು ಚೂರು ಮಾಂಸವನ್ನು ತಟ್ಟೆಯತ್ತ ಎಸೆಯುತ್ತಾರೆ. ಕೆಂಚ ತಿನ್ನುತ್ತಾನೆ, ಒಂದಿಷ್ಟೂ ಸದ್ದಿಲ್ಲದೆ.

"ಒಂದ್ಸಲ ಗುರ್ ಅನ್ನಪ್ಪಾ," ಎಂದು ಆಕೆ ಗೋಡೆಗೆ ಹೇಳುತ್ತಾರೆ. "ನಿನ್ನ ದಮ್ಮಯ್ಯ, ಒಂದೇ ಒಂದ್ಸಲ."

ನಾಯಿ ಗುರುಗುಟ್ಟುವುದನ್ನು ಬಿಡಿಸಲು ಜನ ಹೆಣಗಾಡುತ್ತಾರೆ, ಈಯಮ್ಮ ಕಲಿಸಲು ಕೂತಿದ್ದಾರಲ್ಲ ಎಂದು ನಿಮಗೆ ನಗು ಬಂದೀತು. ಪುರವಣಿಗೆ ಬರೆಯಲೆಂದು ಇಲ್ಲಿಗೆ ಬಂದ ಮೊದಲ ದಿನ ನನಗೂ ಬಂದಿತ್ತು. ಈಗ ಬರುವುದಿಲ್ಲ.

ಹೆದರಿದ ನಾಯಿಗಳ ಮುಂದೆ ಹೀಗೆ ಬೆನ್ನು ಹಾಕಿ ಕೂರುವುದರಿಂದ ಇಲ್ಲಿನ ಪಶುವೈದ್ಯರು ಇಟ್ಟ ಹೆಸರು ಬೆನ್ನಕ್ಕ. ವಯಸ್ಸು ಐವತ್ತಮೂರು. ಮೊದಲು ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಅಲ್ಲಿಗೆ ದೊಡ್ಡ ಮೆಷಿನ್ ಬಂತು, ಇವರು ಹೊರಬಿದ್ದರು. ಇಲ್ಲಿಗೆ ಬಂದು ಹದಿನಾರು ವರ್ಷ. ಹಾಜರಿ ಪುಸ್ತಕದಲ್ಲಿ ಇವತ್ತಿಗೂ 'ತೊಳೆಯುವವರು' ಎಂದೇ ಇದೆ. ನಲವತ್ತೆರಡು ಗೂಡುಗಳನ್ನು ದಿನಕ್ಕೆರಡು ಸಲ ತೊಳೆಯಬೇಕು, ಅರವತ್ತು ಹಾಸುಬಟ್ಟೆ ಒಗೆಯಬೇಕು. ಅದೆಲ್ಲ ಮುಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ, ಎರಡು ಬಸ್ಸು ಬದಲಿಸಿ ನಾಯಿ ದತ್ತು ಪಡೆದವರ ಮನೆಗಳಿಗೆ ಹೋಗುತ್ತಾರೆ. ಬಾಗಿಲು ಕಡಿಯುವ ನಾಯಿ, ಸೋಫಾದ ಕೆಳಗಿಂದ ಈಚೆ ಬರದ ನಾಯಿ, ಒಂಟಿಯಾಗಿ ಬಿಟ್ಟರೆ ಊಳಿಡುವ ನಾಯಿ, ಎಲ್ಲವೂ ಇವರ ಪಾಲಿಗೆ. ಗೇಟಿನ ಬಳಿ ಬೋರ್ಡಿನಲ್ಲಿರುವುದು ಮಾತ್ರ ತಿಂಗಳಿಗೊಮ್ಮೆ ಬರುವ ತರಬೇತುದಾರರ ಫೋಟೊ. ಅವರ ಕೋಟಿನ ಮೇಲೆ ಒಂದು ಕೂದಲೂ ಇಲ್ಲ.

ಕಳೆದ ವರ್ಷ ಇಲ್ಲಿಂದ ಮನೆ ಸೇರಿದ ನಾಯಿಗಳು ಎಪ್ಪತ್ನಾಲ್ಕು. ವಾಪಸ್ ಬಂದವು ಇಪ್ಪತ್ತೆರಡು. ಬೆನ್ನಕ್ಕ ಹೋಗಿದ್ದ ಮೂವತ್ತು ಮನೆಗಳಿಂದ ಬಂದವು ನಾಲ್ಕೇ. ದತ್ತು ಪಡೆದ ದಿನ ಗೇಟಿನ ಮುಂದೆ ನಾಯಿಯನ್ನು ತಬ್ಬಿ ಫೋಟೊ ತೆಗೆಸಿಕೊಳ್ಳದವರಿಲ್ಲ. ವಾಪಸ್ ಬಿಡಲು ಬರುವಾಗ ಯಾರೂ ಫೋಟೊ ಕೇಳುವುದಿಲ್ಲ.

ಇಲ್ಲಿ ಒಂದು ನಿಯಮವಿದೆ. ಮೂರು ಸಲ ವಾಪಸಾದ ನಾಯಿಗೆ ಇಪ್ಪತ್ತು ದಿನ ಗಡುವು. ಅಷ್ಟರೊಳಗೆ ಮನೆ ಸಿಗದಿದ್ದರೆ ವೈದ್ಯರ ಸೂಜಿ. ಕೆಂಚ ವಾಪಸಾಗಿರುವುದು ಮೂರು ಸಲ.

ಮೂರನೆಯ ಸಲ ನಾನೂ ಅಲ್ಲಿದ್ದೆ. ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು. ಮೊದಲೇ ವಾಪಸಾಗಿದ್ದ ನಾಯಿಯಾದ್ದರಿಂದ, ಹದಿನಾಲ್ಕು ದಿನ ಇಟ್ಟು ನೋಡಿದ ಮೇಲೆ ಬೆನ್ನಕ್ಕ ಬಂದು ಸಹಿ ಹಾಕಿದರೆ ಕೆಂಚ ಆ ಮನೆಯವನು. ಬೆನ್ನಕ್ಕ ಒಳಗೆ ಕಾಲಿಟ್ಟವರೇ ಕೇಳಿದ್ದು, "ನಾನು ಕೊಟ್ಟ ಹಾಸುಬಟ್ಟೆ ಎಲ್ಲಿ?"

"ಅಯ್ಯೋ, ಏನ್ ನಾತ ಅಂತೀರ! ಮೊದಲನೇ ದಿನಾನೇ ಘಮಘಮ ಅನ್ನೋ ಹಾಗೆ ಒಗೆದು ಹಾಕಿದೆ," ಎಂದರು ಹೆಂಡತಿ.

ಹದಿನಾರು ವರ್ಷ ಬಟ್ಟೆ ಒಗೆದವರು, ಇದೊಂದನ್ನು ತಿಂಗಳು ಒಗೆಯಬೇಡಿ ಎಂದು ಕೈಮುಗಿದು ಹೇಳಿದ್ದರು. ಹೊಸ ಮನೆಯಲ್ಲಿ ಕೆಂಚನಿಗೆ ಗೊತ್ತಿದ್ದ ವಾಸನೆ ಅದೊಂದೇ.

"ಆದ್ರೆ ನಾಯಿ ಸರಿಹೋಗಿದೆ," ಗಂಡನಿಗೆ ಹೆಮ್ಮೆ. "ಮೊದಲು ತಟ್ಟೆ ಹತ್ರ ಹೋದ್ರೆ ಗುರ್ ಅಂತಿತ್ತು. ಅಂದಾಗಲೆಲ್ಲ ಪೇಪರ್ ಸುತ್ತಿ ಮೂತಿಗೆ ಒಂದು ಬಿಟ್ಟೆ. ಈಗ ಸೊಲ್ಲೆತ್ತಲ್ಲ."

ಸುತ್ತಿದ್ದು ನಮ್ಮದೇ ಪುರವಣಿಯೋ ಏನೋ, ನಾನು ಕೇಳಲಿಲ್ಲ.

ತೋರಿಸಲೆಂದು ಮಗಳು ಓಡಿ ಹೋಗಿ ನಾಯಿಯ ತಟ್ಟೆಗೆ ಕೈ ಹಾಕಿದಳು. ಕೆಂಚ ಅಗಿಯುವುದನ್ನು ನಿಲ್ಲಿಸಿ ಮರಗಟ್ಟಿ ನಿಂತ. ಕಣ್ಣಂಚಿನ ಬಿಳಿ ಕಾಣುತ್ತಿತ್ತು. "ಪುಟ್ಟೀ, ಬಾ ಇಲ್ಲಿ, ನಿನಗೇನೋ ತೋರಿಸ್ತೀನಿ," ಎಂದ ಬೆನ್ನಕ್ಕ ಮರುಕ್ಷಣ ಮಗುವನ್ನು ಎತ್ತಿಕೊಂಡಿದ್ದರು.

"ಗುರ್ ಅನ್ನೋದು ಅದರ ಮಾತು ಸಾರ್. ನಂಗೆ ಭಯ ಆಗ್ತಿದೆ, ಹತ್ರ ಬರಬೇಡಿ ಅಂತ ಅದು ಹೇಳ್ತಿತ್ತು. ಭಯ ಹಾಗೇ ಇದೆ, ನೀವು ಬಾಯಿ ಮುಚ್ಚಿಸಿದ್ದೀರ ಅಷ್ಟೆ. ಇನ್ನು ಹೇಳದೆ ಕೇಳದೆ ಕಚ್ಚುತ್ತೆ. ಒಂದು ತಿಂಗಳು ಟೈಮ್ ಕೊಡಿ, ದಿನಾ ನಾನೇ ಬರ್ತೀನಿ. ಅಲ್ಲೀವರೆಗೆ ಸಹಿ ಹಾಕಲ್ಲ."

"ಹಾಗಾದ್ರೆ ನಾವೇನು ಕಟುಕರಾ?" ಹೆಂಡತಿಯ ಮುಖ ಕೆಂಪಾಯಿತು.

"ಅಲ್ಲಮ್ಮಾ, ನಾನು ಹೇಳಿದ್ದು..."

ಗಂಡ ಬೆಲ್ಟಿನ ಹಗ್ಗ ತಂದು ಬೆನ್ನಕ್ಕನ ಕೈಗೆ ತುರುಕಿದರು. "ಗುರ್ ಅನ್ನೋ ನಾಯೀನೇ ಬೇಕು ಅಂದ್ರೆ ನೀವೇ ಇಟ್ಕೊಳ್ಳಿ." ಮಗು ಅಳುತ್ತಿತ್ತು. ಬಾಗಿಲು ಹಾಕಿಕೊಂಡಿತು.

ಬಸ್ಸಿಗೆ ನಾಯಿಯನ್ನು ಹತ್ತಿಸುವುದಿಲ್ಲ. ಆರು ಕಿಲೋಮೀಟರ್ ನಡೆದೆವು. ನನಗೆ ತಡೆಯಲಾಗಲಿಲ್ಲ. ಸಹಿ ಹಾಕಿಬಿಟ್ಟಿದ್ದರೆ ಅದು ಬದುಕಿಕೊಳ್ಳುತ್ತಿತ್ತಲ್ಲ ಎಂದೆ, ಸ್ವಲ್ಪ ಸಿಟ್ಟಿನಲ್ಲೇ.

"ಹಿಂದೆ ಒಂದ್ಸಲ ಹಾಕಿದ್ದೆ," ಎಂದರು. "ಬಿಳಿ ನಾಯಿ. ಅದೂ ಹೀಗೇ ಸುಮ್ಮನಿತ್ತು. ಎಷ್ಟು ಸಾಧು ನೋಡಿ ಅಂತ ನಾನೇ ಹೊಗಳಿ ಬಂದೆ. ಐದನೇ ದಿನ ಮಗೂ ಕೆನ್ನೆ ಹಿಡೀತು. ಏಳು ಹೊಲಿಗೆ. ಸೂಜಿ ಹಾಕೋವಾಗ ಯಾರಾದ್ರೂ ಹಿಡ್ಕೋಬೇಕಲ್ಲ? ನನ್ನ ಬಿಟ್ರೆ ಯಾರ ಹತ್ರಾನೂ ಬರ್ತಿರಲಿಲ್ಲ. ನಾನೇ ಹಿಡ್ಕೊಂಡೆ. ಕೊನೇವರೆಗೂ ಬಾಲ ಆಡಿಸ್ತಾ ಇತ್ತು."

ಆಶ್ರಯಧಾಮ ತಲುಪಿದ ಮೇಲೆ ಕೆಂಚನನ್ನು ಗೂಡಿಗೆ ಬಿಟ್ಟು, ಬಾಗಿಲಿಗೆ ಇಪ್ಪತ್ತು ದಿನದ ಕಾರ್ಡು ನೇತುಹಾಕಿದರು.

ಕೆಂಚನನ್ನು ತಾವೇ ಸಾಕಬಾರದೇ? ಸಾಕುತ್ತಿದ್ದರು. ಆದರೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಉಬ್ಬಸದ ತಂಗಿ ಇದ್ದಾಳೆ. ಬೆನ್ನಕ್ಕ ದಿನಾ ಬಚ್ಚಲಲ್ಲಿ ಬಟ್ಟೆ ಬದಲಿಸಿಯೇ ಒಳಗೆ ಹೋಗಬೇಕು. "ನಾಯಿಗಳಿಗೆ ಬೆನ್ನು, ನನಗೆ ಮುಖ ತೋರಿಸೋಕೂ ಪುರುಸೊತ್ತಿಲ್ಲ ನಮ್ಮಕ್ಕನಿಗೆ," ಎಂದು ತಂಗಿ ನಗುತ್ತಾಳೆ, ನಗುತ್ತಲೇ ಕೆಮ್ಮುತ್ತಾಳೆ.

ಮ್ಯಾನೇಜರ್ ಕೆಟ್ಟವರೇನಲ್ಲ. "ಇರೋದು ನಲವತ್ತೆರಡು ಗೂಡು. ಹೊರಗೆ ಇನ್ನೂರು ಕಾಯ್ತಿವೆ. ನಾನೇನ್ ಮಾಡ್ಲಿ ಹೇಳಿ?" ಎನ್ನುತ್ತಾರೆ. "ಕೆಂಚ ಸುಮ್ಮನಿದ್ರೆ ಯಾರಾದ್ರೂ ತಗೊಂಡ್ ಹೋಗ್ತಿದ್ರೇನೋ. ಈಯಮ್ಮ ಅದಕ್ಕೆ ಗುರ್ ಅನ್ನೋದು ಕಲಿಸ್ತಾ ಕೂತವ್ರೆ. ಗುರ್ ಅನ್ನೋ ನಾಯೀನ ಯಾರು ಮುಟ್ತಾರೆ?"

ಮಾತು ನಿಜ.

ಗೂಡಿನೊಳಗೆ ಈಗ ಬೆಳಕು ಬಂದಿದೆ. ಬೆನ್ನಕ್ಕ ಮೆಲ್ಲಗೆ ಪಕ್ಕಕ್ಕೆ ಹೊರಳಿ ತಟ್ಟೆಯ ಕಡೆ ಕೈ ಚಾಚುತ್ತಾರೆ. ಒಂದು ಗೇಣು ಉಳಿದಿದೆ. ಕೆಂಚನ ಗಂಟಲಲ್ಲಿ ಏನೋ ಕದಲುತ್ತದೆ. ತೀರಾ ತಗ್ಗಿನಲ್ಲಿ, ಅಳುಕುತ್ತಾ, ಗುರ್ರ್.

ಬೆನ್ನಕ್ಕ ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹೇಳಿದ್ದನ್ನು ಕೇಳಿಸಿಕೊಂಡೆ ಎಂದು ನಾಯಿಗೆ ತಿಳಿಸುವ ರೀತಿ ಅದು. ಕೆಂಚ ಅವರನ್ನೇ ನೋಡುತ್ತಾನೆ, ಮೂತಿಗೆ ಪೆಟ್ಟು ಬೀಳುವುದನ್ನು ಕಾಯುತ್ತಾನೆ. ಬೀಳುವುದಿಲ್ಲ.

"ಕೇಳಿಸ್ತಾ? ಬೈದ ನನ್ನ!" ಬೆನ್ನಕ್ಕನ ಕಣ್ಣು ತುಂಬಿದೆ. "ಗುರ್ ಅಂದ್ರೆ ಕೈ ಹಿಂದಕ್ಕೆ ತಗೊಳ್ಳೋ ಒಂದು ಮನೆ ಸಿಕ್ಕರೆ ಸಾಕು ಇವನಿಗೆ. ಬೇರೆ ಏನೂ ಬೇಡ."

ಗೂಡಿನ ಬಾಗಿಲಿಗೆ ನೇತುಹಾಕಿದ ಕಾರ್ಡಿನ ಪ್ರಕಾರ ಇನ್ನು ಎಂಟು ದಿನ. ಈ ಪುರವಣಿ ನಿಮ್ಮ ಕೈ ಸೇರುವಾಗ ಐದು. ಮನೆ ಸಿಗದಿದ್ದರೆ? ಅವರೇ ಬಕೆಟ್ ಎತ್ತಿಕೊಳ್ಳುತ್ತಾ ಹೇಳುತ್ತಾರೆ.

"ಹೋಗೋದೇ ಆದ್ರೂ ಗುರ್ ಅಂದು ಹೋಗ್ಲಿ. ಬಾಲ ಆಡಿಸ್ಕೊಂಡು ಹೋಗೋದು ಬೇಡ."