ಸವೆಯದೇ ಸಣ್ಣಗಾದ ದಾರ

ಗುಡಗೇರಿಯಲ್ಲಿ ನನ್ನದು ಹಗ್ಗದ ಅಂಗಡಿ. ಸಂತೆಯಲ್ಲಿ ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಶುರು ಮಾಡಿದ್ದು, ಈಗ ಶಟರ್ ಎಳೆಯುವ ಅಂಗಡಿಯಾಗಿದೆ. ಹಗ್ಗ ಕೊಳ್ಳುವವರಿಗೆ ಒಂದು ಮಾತು ಬಿಟ್ಟಿ ಹೇಳುತ್ತೇನೆ: ಸುರುಳಿಯ ಮೇಲಿನ ತುದಿ ನೋಡಬೇಡಿ, ಒಳಗಿನ ತುದಿ ಎಳೆದು ನೋಡಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಇದ್ದರೆ ಅದು ಸವೆದ ಮಾಲು, ದರ ಇಳಿಸಿ. ಇಷ್ಟು ವರ್ಷ ಕೈಹಿಡಿದ ಈ ಬುದ್ಧಿ ಕೈಕೊಟ್ಟಿದ್ದು ಒಂದೇ ಸಲ.

ಬಾಜು ಅಂಗಡಿಯ ಟೇಲರ್ ಮಾಸ್ತರ ನನ್ನ ಶಾಲೆಯ ಗೆಳೆಯ. ಮಗಳನ್ನು ತಂಬೂರು ಎಂಬ ಹಳ್ಳಿಗೆ ಮದುವೆ ಮಾಡಿಕೊಟ್ಟ ಮೇಲೆ ಅವನಿಗೆ ಆ ಕಡೆಯ ಕೆರೆಯಲ್ಲಿ ಮೀನು ಹಿಡಿಯುವ ಹುಚ್ಚು ಹತ್ತಿತು. ಗಾಳದ ದಾರಕ್ಕೆ ಸೀಸದ ಗುಂಡು ಕಟ್ಟಿ, ತಲೆಯ ಮೇಲೆ ಗರಗರ ತಿರುಗಿಸಿ ಒಗೆಯುತ್ತಿದ್ದ. ಹೋದ ವರ್ಷ ಬಲಭುಜ ಹಿಡಿದುಕೊಂಡಿತು. ಕೈ ಕಿವಿಯವರೆಗೂ ಏಳದು.

“ಮುಗೀತಪಾ ಸಾವ್ಕಾರ,” ಎಂದ ಒಂದು ದಿನ. “ಕತ್ತರಿ ಹಿಡ್ಯಾಕ ಕೈ ಬರ್ತೈತಿ, ಗಾಳ ಒಗ್ಯಾಕ ಬರೂದಿಲ್ಲ. ಈ ಸಲ ಕೆರಿ ದಂಡಿಗೆ ಸುಮ್ನ ಕುಂತು ಬಂದೆ, ಹೆಣಾ ಕಾಯ್ದಂಗ.”

ಅವನ ಬಾಯಿಂದ ನಾನು ಕೇಳಿದ ಸೋತ ಮಾತು ಅದೊಂದೇ. ಅದು ತಲೆಯಲ್ಲೇ ಉಳಿಯಿತು.

ಕೆಲವು ವಾರಗಳ ಮೇಲೆ ಹುಬ್ಬಳ್ಳಿಯಲ್ಲಿ ಹಳೆ ಸಾಮಾನು ಮಾರುವವನ ಬಳಿ ಒಂದು ವಿಚಿತ್ರ ಗಾಳದ ಕೋಲು ಕಂಡಿತು. ಹಿಡಿಯ ಹತ್ತಿರ ಬೆರಳು ದಪ್ಪ, ತುದಿಯಲ್ಲಿ ಕಸಬರಿಗೆ ಕಡ್ಡಿಯಷ್ಟು ಸಣ್ಣ. ರಾಟೆಗೆ ಸುತ್ತಿದ ಹಳದಿ ದಾರವೂ ಹಾಗೆಯೇ: ದಪ್ಪಗೆ ಶುರುವಾಗಿ ಸಣ್ಣಗಾಗುತ್ತ ಹೋಗಿ, ಕೊನೆಗೆ ಕೂದಲಿನಂಥ ನೈಲಾನ್. ಅದರ ತುದಿಯಲ್ಲಿ ಗರಿ ಕಟ್ಟಿದ, ನೊಣದಷ್ಟೇ ಹಗುರಾದ ಗಾಳ. ಸೀಸದ ಗುಂಡು ಎಲ್ಲೂ ಇಲ್ಲ. ಕೋಲು ಅಲ್ಲಾಡಿಸಿದೆ, ಭುಜಕ್ಕೆ ಕೆಲಸವೇ ಇಲ್ಲದೆ ತುದಿ ತಾನೇ ಬಳುಕಿತು. ಮಾಸ್ತರ ನೆನಪಾದ.

“ದಾರಾ ಪೂರಾ ಸವದೈತಲ್ಲೋ,” ಎಂದೆ.

“ಅದು ಹಂಗ ಇರ್ತೈತ್ರಿ ಕಾಕಾ.”

“ಹಗ್ಗದ ಅಂಗಡಿಯವಗ ಹಗ್ಗಾ ಕಲಸ್ತೀಯೇನು?”

ಅರ್ಧ ದರಕ್ಕೆ ತಂದೆ.

ತಂದವನೇ ಮಾಸ್ತರನಿಗೆ ಸಲಹೆಯನ್ನೂ ಕೊಟ್ಟೆ: ಸವೆದ ತುದಿ ತೆಗೆದುಹಾಕು, ನನ್ನ ಅಂಗಡಿಯ ಗಟ್ಟಿ ನೈಲಾನ್ ಕಟ್ಟು. ಅವನು ಬಟ್ಟೆಯ ಕತ್ತರಿಯಿಂದಲೇ ಕಚಕ್ಕನೆ ಕತ್ತರಿಸಿ, ಕೊನೆಯ ಕೂದಲಿನಂಥ ದಾರವನ್ನಷ್ಟೇ ಚೀಲಕ್ಕೆ ಹಾಕಿಕೊಂಡ; ನಡುವಿನ ಸಣ್ಣಗಾಗುವ ತುಂಡು ಕಸಕ್ಕೆ ಹೋಯಿತು. ಇಬ್ಬರೂ ಬಸ್ಸು ಹಿಡಿದು ತಂಬೂರಿಗೆ ಹೋದೆವು. ಮಾಸ್ತರ ಮೊಣಕೈ ಪಕ್ಕೆಗೆ ಹಚ್ಚಿ ಮುಂಗೈಯಿಂದಲೇ ಬೀಸಿದ. ದಾರ ಹೋಯಿತು, ನಿಜ. ಆದರೆ ಯಾರೋ ನೀರಿನ ಕಪಾಳಕ್ಕೆ ಹೊಡೆದಂತೆ ಚಟಾರನೆ ಬಿತ್ತು. ದಡದ ಮೀನೆಲ್ಲ ಚೆದುರಿದವು.

“ಮೀನಾ ಹಿಡ್ಯಾಕ ತಂದೀಯೋ, ಹೊಡದು ಓಡಸಾಕ ತಂದೀಯೋ?”

ದಪ್ಪ ನೈಲಾನ್ ಬಿಚ್ಚಿ, ಚೀಲದಲ್ಲಿದ್ದ ಕೂದಲಿನಂಥ ದಾರವನ್ನು ಸೀದಾ ಹಳದಿ ದಾರಕ್ಕೆ ಗಂಟು ಹಾಕಿದೆವು. ಈಗ ಸಪ್ಪಳ ನಿಂತಿತು. ಆದರೆ ಗಂಟಿನತನಕ ಚೆಂದ ಬಿಚ್ಚಿಕೊಂಡು ಹೋದ ದಾರ ಅಲ್ಲಿಗೆ ಸತ್ತಂತಾಗಿ, ಮುಂದಿನದು ಜೇಡರ ಬಲೆಯ ಹಾಗೆ ಗುಡ್ಡೆಯಾಗಿ ಬಿತ್ತು. ಮಾಸ್ತರ ಕೋಲನ್ನು ಕಲ್ಲಿಗೆ ಒರಗಿಸಿ ಭುಜ ಒತ್ತಿಕೊಳ್ಳುತ್ತ ಕುಳಿತ.

ಮಾರನೆಯ ದಿನ ಯರಗುಪ್ಪಿಯ ಗಿರಾಕಿಯೊಬ್ಬರು ಎತ್ತಿಗೆ ಬಾರಕೋಲು ಕೇಳಿಕೊಂಡು ಬಂದರು. ಹೊಡೆಯಲಿಕ್ಕಲ್ಲ, ಸಪ್ಪಳಕ್ಕೆ. “ತುದಿ ಸಣ್ಣ ಇರೂದು ಕೊಡ್ರಿ. ದಪ್ಪ ತುದೀದು ಮಾತಾಡಂಗಿಲ್ಲ,” ಎಂದರು. ಕೊಟ್ಟೆ. ಅಂಗಳದಲ್ಲಿ ಒಮ್ಮೆ ಬೀಸಿ ಚಟ್ ಎನಿಸಿ ಹೋದರು. ಇಷ್ಟು ವರ್ಷ ಬಾರಕೋಲು ಮಾರುತ್ತಿದ್ದೇನೆ, ಅದರ ತೊಗಲು ಯಾಕೆ ಸಣ್ಣಗಾಗುತ್ತ ಹೋಗುತ್ತದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಗಿರಾಕಿ ಹೋದ ಮೇಲೆ ಬಾರಕೋಲಿನ ಬೆತ್ತಕ್ಕೆ ಒಂದೇ ದಪ್ಪದ ಹಗ್ಗ ಕಟ್ಟಿ ಬೀಸಿದೆ. ಧಪ್. ಸಣ್ಣಗಾಗುತ್ತ ಹೋಗುವ ತೊಗಲು ಕಟ್ಟಿ ಬೀಸಿದೆ. ಚಟ್! ಮತ್ತೆ ಮತ್ತೆ ಬೀಸಿದೆ. ಕೈ ಕೊಟ್ಟ ಜೋರು ಒಂದೇ. ಆ ಜೋರು ದಪ್ಪ ಭಾಗದಿಂದ ಸಣ್ಣ ಭಾಗಕ್ಕೆ ಇಳಿಯುವಾಗ ಹೊರಬೇಕಾದ ಭಾರ ಕಡಿಮೆಯಾಗುತ್ತ ಹೋಗುತ್ತದೆ. ಹಾಗಾಗಿ ದಾರಿಯಲ್ಲಿ ಗಾಳಿ ಒಂದಿಷ್ಟು ತಿಂದರೂ ತುದಿಗೆ ವೇಗ ಉಳಿಯುತ್ತದೆ. ಕೊನೆತನಕ ದಪ್ಪವೇ ಇದ್ದರೆ ಆ ಭಾರವೇ ಹೋಗಿ ಬಡಿಯುತ್ತದೆ. ನಡುವೆ ಒಮ್ಮೆಲೇ ಸಣ್ಣಗಾದರೆ ಜೋರು ಗಂಟಿನಲ್ಲೇ ನಿಲ್ಲುತ್ತದೆ, ಮುಂದಿನ ದಾರಕ್ಕೆ ಸಿಗುವುದೇ ಇಲ್ಲ. ಕೆರೆಯಲ್ಲಿ ಆದದ್ದು ಇವೆರಡೇ.

“ಯಾರ ಮ್ಯಾಲೆ ಸಿಟ್ಟಲೇ?” ಎನ್ನುತ್ತ ಮಾಸ್ತರ ಹೊಲಿಗೆ ಬಿಟ್ಟು ಬಂದ. ಹೇಳಿದೆ. ಕೋಲು ತಂದು ಹಿಡಿಯಿಂದ ತುದಿಯವರೆಗೆ ಬೆರಳಾಡಿಸಿದ. “ಇದೂ ಹಂಗ ಐತಲ್ಲೋ! ಕೈಯಿಂದ ನೊಣದ ಮಟಾ ಒಂದ ಇಳಿಜಾರು.” ಆಮೇಲೆ ನನ್ನ ಕಡೆ ತಿರುಗಿದ. “ಅದನ್ನ ನೀ ಕತ್ತರಸಿದಿ.”

“ಕತ್ತರಿ ನಿಂದು.”

“ಬುದ್ಧಿ ನಿಂದು!”

ಅಂಗಡಿಯಲ್ಲಿದ್ದ ನೈಲಾನ್ ದಾರಗಳನ್ನೆಲ್ಲ ಹರವಿಕೊಂಡು ಕುಳಿತೆವು. ಹಳದಿ ದಾರಕ್ಕಿಂತ ಚೂರು ಸಣ್ಣದು, ಅದಕ್ಕಿಂತ ಸಣ್ಣದು, ಹೀಗೆ ತುಂಡು ತುಂಡು ಜೋಡಿಸುತ್ತ ಕೂದಲಿನವರೆಗೆ ಬಂದೆವು. ಗಂಟು ಅವನೇ ಹಾಕಿದ. ಗುಂಡಿ ಹಚ್ಚುವ ಬೆರಳು, ಉಗುರಿಗೂ ತಾಗದಷ್ಟು ನಯ. ನೀವು ಕಟ್ಟುವುದಾದರೆ ದಪ್ಪದ್ದನ್ನು ಉದ್ದ ಬಿಡಿ, ಮುಂದೆ ಹೋದಂತೆ ತುಂಡು ಗಿಡ್ಡ ಮಾಡಿ. ಎಲ್ಲ ಸಮ ಮಾಡಿ ನಾವು ಎರಡು ಸಲ ಬಿಚ್ಚಬೇಕಾಯಿತು.

ಅದೇ ವಾರ ಮತ್ತೆ ಕೆರೆಗೆ ಹೋದೆವು. ಮೊಣಕೈ ಪಕ್ಕೆಗೆ, ಮುಂಗೈ ಹಿಂದೆ, ಒಂದು ಕ್ಷಣ ತಡೆದು ಮುಂದೆ. ಹಳದಿ ದಾರ ಗಾಳಿಯಲ್ಲಿ ಮಡಚಿಕೊಂಡು ಹೋಗಿ, ಆ ಮಡಿಕೆ ಸಣ್ಣದಾಗುತ್ತ ಬಿಚ್ಚಿಕೊಂಡಿತು. ಗರಿಯ ಗಾಳ ಎಲ್ಲಿ ಇಳಿಯಿತೆಂದು ಹುಡುಕಬೇಕಾಯಿತು. ನೀರು ಅಲ್ಲಾಡಿರಲಿಲ್ಲ.

“ಭುಜಾ ಹೆಂಗೈತಿ?” ಎಂದೆ.

“ಬಾಯಿ ಮುಚ್ಚಲೇ. ಮೀನಾ ಕೇಳತಾವ.”

ಒಂದು ಮೀನು ಮೇಲೆ ಬಂದು ಗಾಳ ಮುಕ್ಕಳಿಸಿ ಬಿಟ್ಟು ಹೋಯಿತು. ಅವನು ಬೈಯಲಿಲ್ಲ, ಮತ್ತೆ ಬೀಸಿದ. ನಾನು ಕಡೆಯ ಬಸ್ಸಿನ ಮಾತು ತೆಗೆದೆ.

“ನೀ ಹೋಗು,” ಎಂದ, ನೀರಿನ ಮೇಲಿನ ಕಣ್ಣು ತೆಗೆಯದೆ. “ನಾ ಮಗಳ ಮನ್ಯಾಗ ಇರ್ತೇನಿ. ಅಂಗಡಿಗೆ ಯಾರರೆ ಬಂದ್ರ, ಮಾಸ್ತರ ಕೆಲಸದ ಮ್ಯಾಲೆ ಹೋಗ್ಯಾನ ಅಂತ ಹೇಳು.”