ದಾನವ್ವ ಗಾಡಿ ಕಲಿತದ್ದು

ಕೆಲಗೇರಿ ಕೆರಿ ಮ್ಯಾಲ ಇನ್ನೂ ಮಂಜು ಮಲಗಿರತಿತ್ತು. ಅಷ್ಟೊತ್ತಿಗೆ ದಾನವ್ವ, ಮುದಕವ್ವ ಇಬ್ಬರೂ ಕೆರಿ ದಂಡಿ ಹಿಡಿದು ಧಾರವಾಡದ ಖಾನಾವಳಿಗೆ ಹೊಂಟಿರತಿದ್ರು. ಹದಿನಾಲ್ಕು ವರ್ಷದಿಂದ ಹಿಂಗ. ಅಲ್ಲಿ ದಾನವ್ವ ರೊಟ್ಟಿ ಬಡಿಯಾಕಿ, ಮುದಕವ್ವ ಬೇಯಿಸಾಕಿ. ಹಾದ್ಯಾಗ ಮಾತು ಕಮ್ಮಿ. ಕನಸು ಇನ್ನೂ ಮುಗಿದಿಲ್ಲೇನೋ ಅನ್ನೂವಂಗ ಇಬ್ಬರೂ ಸುಮ್ಮನ ನಡೀತಿದ್ರು.

ಒಲಿ ಹೊಗಿಗೆ ದಾನವ್ವನ ಕಣ್ಣಾಗ ಸದಾ ನೀರು. ಅದನ್ನ ನೋಡಿ ಖಾನಾವಳಿ ನಡಸೋ ಶಾಂಭವಿ ಅಕ್ಕಾರು ಒಂದು ಹಳೇ ಸ್ಕೂಟಿ ತಂದು ನಿಲ್ಲಿಸಿದ್ರು. ದೀಪಾವಳಿಯೊಳಗ ಹೊಡಿಯೂದು ಕಲಿತರ ಮನಿ ಮನಿಗೆ ರೊಟ್ಟಿ ಮುಟ್ಟಿಸೋ ಕೆಲಸ ನಿಂದ, ಇಲ್ಲಂದ್ರ ಬ್ಯಾರೆದವ್ರನ್ನ ನೋಡತೇನಿ ಅಂದ್ರು. ದಾನವ್ವಗ ನೆಲಾ ಬಿಟ್ಟು ಒಂದು ಗೇಣು ಮ್ಯಾಲ ನಡದಂಗಾತು.

ಒಲಿ ಮುಂದಿನ ಹೆಂಗಸ್ರು ಬಿಡಬೇಕಲ್ಲ! ಮೊಮ್ಮಕ್ಕಳನ್ನ ಆಡಿಸೋ ವಯಸ್ಸಿನ್ಯಾಗ ಇಕಿಗೆ ಎಂಥಾ ಹುಕಿ ಬಂತು ಅಂತ ನಕ್ಕರು. ಎಲ್ಲಾರಕಿಂತ ಹೆಚ್ಚು ಆಡಿದಾಕಿ ಮುದಕವ್ವ. ಕಾಲು ಮುರೀತೈತಿ, ಮಂದಿ ಆಡಿಕೊಳ್ತಾರ, ಇದ್ದದ್ದೇ ಛಲೋ ಐತಿ ಅಂತ ದಿನಾ ತಲಿ ತಿಂದ್ಲು.

ಓಣ್ಯಾಗ ಸೀರಿ ಮಾರೋ ಹುಸ್ನಾ ಗಾಡಿ ಕಲಿಸಿದ್ಲು. ಮೈದಾನದಾಗ ದಾನವ್ವ ಚಂದಾಗಿ ಹೊಡೀತಿದ್ಲು. ಕೆರಿ ದಂಡಿಗೆ ಬಂದ್ರ ಮಾತ್ರ ಬೀಳಾಕಿ. ಯಾಕಂದ್ರ ಅಲ್ಲಿ ಮಗ್ಗಲಕ್ಕ ಮುದಕವ್ವ ನಡಕೊಂತ ಬರತಿದ್ಲು. ಹದಿನಾಲ್ಕು ವರ್ಷದ ಗೆಳತಿನ್ನ ಹಿಂದ ಬಿಟ್ಟು ಹೆಂಗ ಹೋಗೂದು? ಆಕಿ ನಡಿಗಿಗೆ ಸರಿಯಾಗಿ ಗಾಡಿ ಹೊಡಿಯಾಕ ಹೋಗಿ, ತೋಲ ತಪ್ಪಿ ಉರುಳತಿದ್ಲು. ಹುಚ್ಚಿ, ಏನಂತೀರಿ ಇಕಿಗೆ!

ದೀಪಾವಳಿಗೆ ಇನ್ನ ಎರಡು ದಿನ ಇತ್ತು. ಅವತ್ತೂ ಬಿದ್ಲು. ಮುದಕವ್ವ ಗಾಡಿ ಎತ್ತಿಸಿ, ಆಕಿ ಸೀರಿಗೆ ಹತ್ತಿದ ಮಣ್ಣು ಝಾಡಿಸಿದ್ಲು. ನೀ ಹೇಳಿದ್ದೇ ಖರೇ, ಇನ್ನ ಬಿಟ್ಟಬಿಡತೇನಿ ಅಂದ್ಲು ದಾನವ್ವ. ಇಷ್ಟು ದಿನ ಬೇಕಾಗಿದ್ದ ಮಾತು ಕಿವಿಗೆ ಬಿದ್ರೂ ಮುದಕವ್ವಗ ಹಿಗ್ಗು ಬರಲಿಲ್ಲ.

“ನೀ ಬೀಳತೀ ಅಂತ ಹೆದರಿದ್ದಿಲ್ಲ ನಾ,” ಅಂದ್ಲು. “ಕಲೀತೀ ಅಂತ ಹೆದರಿದ್ದೆ. ಆಮ್ಯಾಲ ನನ್ನ ಸಂಗಾಟ ಯಾರು ನಡೀತಾರ?”

ದಾನವ್ವ ಹಿಂದಿನ ಸೀಟು ತೋರಿಸಿ ಹತ್ತು ಅಂದ್ಲು. ಇಬ್ಬರ ಭಾರಕ್ಕ ಮತ್ತ ಬೀಳತೀ ಅಂತ ಮುದಕವ್ವ ಒಪ್ಪಲಿಲ್ಲ.

“ಜೋರ ಹೋಗು. ನನ್ನ ಸಲುವಾಗಿ ನಿಂದ್ರಬ್ಯಾಡ.”

ದಾನವ್ವ ಹೊಂಟ್ಲು. ಮಂಜು ಎರಡೂ ಕಡೆ ಸರದು ಹಾದಿ ಬಿಟ್ಟಿತು. ಗಾಡಿ ಒಂಚೂರೂ ಅಲಗಾಡಲಿಲ್ಲ. ಮೈ ಹಗುರಾತು, ಖುಷಿ ಆತು, ಅದರ ಬೆನ್ನಿಗೇ ಅಳುನೂ ಬಂತು. ತಿರುವಿನ್ಯಾಗ ಒಮ್ಮೆ ಹೊಳ್ಳಿ ನೋಡಿದ್ಲು. ಮುದಕವ್ವ ದಂಡಿ ಮ್ಯಾಲ ಬರಾಕತ್ತಿದ್ಲು, ಒಂದು ಬದಿಗೆ ಸರದು, ಮಗ್ಗಲಕ್ಕ ಇನ್ನೊಬ್ಬಾಕಿಗೆ ಜಾಗಾ ಬಿಟ್ಟು.