ಲಿಲಾವಿನ ಚನಬಸಯ್ಯ
ಹಳೇ ಹುಬ್ಬಳ್ಳಿಯ ಹತ್ತಿ ದಲಾಲ ಚನಬಸಯ್ಯನವರು ಪಿಸುಮಾತಾಡಿದರೂ ಊರಾಚೆ ಬೆಂಗೇರಿಯ ಎಮ್ಮೆಗಳು ಕಿವಿ ನಿಮಿರಿಸುತ್ತವೆ ಎಂದು ಜನ ನಗುತ್ತಿದ್ದರು. ಗುಣವಾಗದ ರೋಗಿಗಳನ್ನು ಕೊನೆಯವರೆಗೂ ನೋಡಿಕೊಳ್ಳುವ ಮನೆಯೊಂದು ಹಳೇ ಹುಬ್ಬಳ್ಳಿಯಲ್ಲಿತ್ತು. ಅದಕ್ಕೆ ಹಣ ಕೂಡಿಸಲು ಪ್ರತಿವರ್ಷ ಬಸವ ಜಯಂತಿಯ ಮರುದಿನ ಅದರ ಅಂಗಳದಲ್ಲೇ ಲಿಲಾವು, ಅಂದರೆ ಹರಾಜು; ಪೈಲ್ವಾನರು ದಾನ ಕೊಟ್ಟ ರುಮಾಲು, ಗದೆ, ಬೆಳ್ಳಿ ಕಡಗಗಳನ್ನು ಲಿಲಾವು ಕೂಗುವವರು ಚನಬಸಯ್ಯನವರೇ. “ಇಷ್ಟ ಕಡಿಮಿಗೆ ಕೇಳಿದ್ರ ಮನ್ಯಾಗ ನಮ್ಮ ಕಾಕು ನಿಮಗ ರೊಟ್ಟಿ ನೀಡ್ತಾರೇನ್ರಿ ಕಾಕಾ?” ಎಂದು ಅರಳೆ ವ್ಯಾಪಾರಿಗಳನ್ನು ಕೆಣಕುವರು. ಪ್ರತಿ ವಸ್ತುವಿಗೂ ಅದನ್ನು ಗೆದ್ದ ಕುಸ್ತಿಯನ್ನು ಪಟ್ಟು ಪಟ್ಟಾಗಿ ವರ್ಣಿಸಿ, “ಒಂದ್ ಸಲ, ಎರಡ್ ಸಲ” ದಾಟಿ “ಮೂರ್ ಸಲ” ಅನ್ನುವಷ್ಟರಲ್ಲಿ ಹಾಲು ಮೊಸರಾಗುತ್ತಿತ್ತು. “ಲಗೂ ಮುಗಸ್ರಿ ಅಯ್ಯಾರ, ಬಿಸಲಾಗ ನಾವ ರೋಗಿ ಆಗ್ತೇವಿ!” ಎಂದು ಜನ ಅಂದರೂ ಕೇಳರು. ಸಾಲದೆಂಬಂತೆ, ಕೊಳ್ಳುವವರಿಗೆ ಬೆನ್ನು ಮಾಡಿ ರೋಗಿಗಳ ಮನೆಯ ಗೋಡೆಯತ್ತ ಕೂಗುವುದು ಅವರ ರೂಢಿ. ಅದೇಕೆಂದು ಒಳಗೆ ರೋಗಿಗಳಿಗೆ ಗಂಜಿ ಕುಡಿಸುವ ಸತ್ಯವ್ವನಿಗೆ ತಿಳಿದದ್ದು, ಯಮನಪ್ಪ ಪೈಲ್ವಾನ ಅಲ್ಲಿ ಮಲಗಿದ್ದ ವರ್ಷ. ತನ್ನ ಕಡಗವನ್ನೂ ಲಿಲಾವಿಗೆ ಕೊಟ್ಟುಬಿಟ್ಟಿದ್ದ ಅವನು, “ನನ್ನ ಈಗ ಯಾರ ನೆನಸ್ತಾರವಾ?” ಎಂದು ಹಿಂದಿನ ದಿನದಿಂದ ಗಂಜಿ ಮುಟ್ಟಿರಲಿಲ್ಲ. ಅವನ ಮಂಚದ ಪಕ್ಕದ ಕಿಟಕಿಗೆ ಮುಖವಿಟ್ಟು ಚನಬಸಯ್ಯ ಕೂಗಿದರು: “ಇದು ನಮ್ಮ ಯಮನಪ್ಪ ಗೆದ್ದ ಕಡಗ! ಅವತ್ತು ಕಣದಾಗ ಇದ್ದವರು ಯಾರ್ಯಾರದೀರಿ?” “ಭಲೇ ಯಮನಪ್ಪಾ!” ಎಂದು ಇಡೀ ಅಂಗಳ ಒದರಿತು. ಸತ್ಯವ್ವ ಮನಸ್ಸಿನಲ್ಲೇ ಶಿವನಿಗೆ ಕೈ ಮುಗಿದಳು. ಕೌದಿಯೊಳಗೆ ತೊಡೆ ತಟ್ಟಿದ ಸಪ್ಪಳವಾಯಿತು. “ಗಂಜಿ ತಾರವಾ,” ಎಂದ ಯಮನಪ್ಪ, “ಅಯ್ಯಾರು ಮೂರ್ ಸಲ ಅನ್ನೂದು ಇನ್ನೂ ತಡ ಐತಿ.”